ಜೀಪಿನಲ್ಲಿ ಮಗುವಿಗೊಂದು ಜಾಗ

ಮಲೆನಾಡಿನ ಮತ್ತು ಕೊಡಗಿನ ಒಳದಾರಿಗಳನ್ನು ಮಳೆಗಾಲದಲ್ಲಿ ಕಂಡವರಿಗೆ ಜೀಪಿನ ಪರಿಚಯ ಇದ್ದೇ ಇರುತ್ತದೆ. ಕಾಫಿ ತೋಟದ ಏರು, ಕೆಸರಿನ ಕಾಲುದಾರಿ, ಸೇತುವೆಯಿಲ್ಲದ ಹಳ್ಳ ಎಲ್ಲವನ್ನೂ ಅದು ದಾಟುತ್ತದೆ. ಅದೇ ಜೀಪಿನಲ್ಲಿ ಎರಡು ವರ್ಷದ ಮಗುವನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ಹೋಗಬಹುದೇ? ಚಿಕ್ಕ ಮಕ್ಕಳಿರುವ ಅನೇಕ ತಂದೆತಾಯಿಯರ ಪ್ರಶ್ನೆ ಇದು. ತೋಟಕ್ಕೂ ಆಗಬೇಕು, ಸಂಸಾರಕ್ಕೂ ಆಗಬೇಕು ಎಂಬ ಈ ಬೇಡಿಕೆ ಕೇಳಲು ಸರಳ. ಆದರೆ ವಾಹನವನ್ನು ಗುಡ್ಡ ಹತ್ತಿಸುವ ಗುಣಗಳಲ್ಲಿ ಕೆಲವು ಮಗುವಿನ ಸುರಕ್ಷತೆಗೆ ನೇರವಾಗಿ ವಿರುದ್ಧವಾದವು. ಇವೆರಡನ್ನೂ ಒಂದೇ ವಾಹನದಲ್ಲಿ ತರಲು ಎಂಜಿನಿಯರುಗಳು ಎಂಟು ದಶಕಗಳಿಂದ ಶ್ರಮಿಸಿದ್ದಾರೆ. ಆ ಚರಿತ್ರೆಯನ್ನು ಅರಿತರೆ ಕೊಳ್ಳುವವರು ಯಾವ ಪ್ರಶ್ನೆ ಕೇಳಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

49 ದಿನಗಳ ಗಡುವು

1940ರ ಜುಲೈ ತಿಂಗಳಲ್ಲಿ ಅಮೆರಿಕದ ಸೈನ್ಯ 135 ತಯಾರಕರಿಗೆ ಒಂದು ಆಹ್ವಾನ ಕಳಿಸಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ, ಹಗುರವಾದ ಒಂದು ಪುಟ್ಟ ವಾಹನ ಬೇಕು. ಮೊದಲ ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕು. ತೂಕ 1,300 ಪೌಂಡು, ಎಂದರೆ ಸುಮಾರು 590 ಕಿಲೋಗ್ರಾಂ ಮೀರಬಾರದು ಎಂಬುದು ಷರತ್ತು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಈ ಸವಾಲನ್ನು ಒಪ್ಪಿಕೊಂಡಿತು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡೇ ದಿನಗಳಲ್ಲಿ ಅದರ ನಕ್ಷೆ ಬರೆದರು. ಸೆಪ್ಟೆಂಬರ್ 23ರಂದು ಗಡುವು ಮುಗಿಯಲು ಅರ್ಧ ಗಂಟೆ ಇರುವಾಗ ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರ ತಲುಪಿತು.

ಕೇಳಿದ ತೂಕದೊಳಗೆ ಅಂಥ ವಾಹನ ಮಾಡುವುದು ಯಾರಿಂದಲೂ ಆಗಲಿಲ್ಲ. ಸೈನ್ಯವೇ ಮಿತಿಯನ್ನು ಸಡಿಲಿಸಬೇಕಾಯಿತು. ಒಹಾಯೋದ ವಿಲ್ಲೀಸ್ ಕಂಪನಿಯ 60 ಅಶ್ವಶಕ್ತಿಯ ಎಂಜಿನ್ ಕೊನೆಗೆ ಎಲ್ಲರ ಮೆಚ್ಚುಗೆ ಗಳಿಸಿತು. ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು.

ಈ ಜೀಪಿಗೆ ಬಾಗಿಲು ಇರಲಿಲ್ಲ, ಗಟ್ಟಿ ಚಾವಣಿ ಇರಲಿಲ್ಲ, ಸೀಟ್ ಬೆಲ್ಟ್ ಇರಲಿಲ್ಲ. ಸೈನಿಕ ಬೇಗ ಹತ್ತಿ ಬೇಗ ಇಳಿಯಬೇಕಿತ್ತು; ಅದಷ್ಟೇ ಉದ್ದೇಶ. ಮುಂದಿನ ಚರಿತ್ರೆಯೆಲ್ಲ ಈ ಯಂತ್ರಕ್ಕೆ ಮನೆಯವರನ್ನು ಕೂರಿಸಲು ನಡೆದ ತಿದ್ದುಪಡಿಗಳ ಚರಿತ್ರೆ.

ನಾಲ್ಕು ಚಕ್ರಗಳ ಲೆಕ್ಕ

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟರೆ ಏನು ಲಾಭ? ಚಕ್ರ ನೆಲವನ್ನು ಹಿಂದಕ್ಕೆ ತಳ್ಳಬಲ್ಲ ಗರಿಷ್ಠ ಬಲ ಘರ್ಷಣಾಂಕ ಮತ್ತು ಆ ಚಕ್ರದ ಮೇಲಿರುವ ಭಾರ ಇವುಗಳ ಗುಣಲಬ್ಧ. ಒದ್ದೆ ಕೆಸರಿನಲ್ಲಿ ಘರ್ಷಣಾಂಕ 0.3 ಎಂದಿಟ್ಟುಕೊಳ್ಳಿ. ಭಾರ ಹಿಂದುಮುಂದಿನ ಚಕ್ರಗಳ ಮೇಲೆ ಸಮನಾಗಿ ಹಂಚಿಕೆಯಾಗಿದೆ ಎಂದೂ ಭಾವಿಸಿ. ಎರಡೇ ಚಕ್ರಗಳಿಗೆ ಶಕ್ತಿ ಇರುವ ಗಾಡಿ ಹತ್ತಬಲ್ಲ ಏರಿನ ಕೋನದ ಸ್ಪರ್ಶಕ, ಎಂದರೆ ಟ್ಯಾನ್ ಬೆಲೆ, 0.15, ಕೋನ ಸುಮಾರು 8.5 ಡಿಗ್ರಿ. ನಾಲ್ಕಕ್ಕೂ ಶಕ್ತಿ ಇದ್ದರೆ ಟ್ಯಾನ್ ಬೆಲೆ 0.3, ಕೋನ ಸುಮಾರು 17 ಡಿಗ್ರಿ. ಏರುವ ಸಾಮರ್ಥ್ಯ ಹತ್ತಿರಹತ್ತಿರ ಇಮ್ಮಡಿಯಾಯಿತು.

ಇದರ ಜೊತೆಗೆ ಜೀಪಿನಲ್ಲಿ ಮತ್ತೊಂದು ಗೇರ್ ಪೆಟ್ಟಿಗೆ ಇತ್ತು. ಅದರ ಸನ್ನೆಯನ್ನು ಎಳೆದರೆ ಚಕ್ರದ ವೇಗ ಅರ್ಧಕ್ಕಿಳಿದು ತಿರುಗಿಸುವ ಬಲ ಸುಮಾರು ಎರಡು ಪಟ್ಟಾಗುತ್ತಿತ್ತು. ಕಡಿದಾದ ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಡದೆ, ಎಂಜಿನ್ನಿನ ಹಿಡಿತದಲ್ಲೇ ಇಳಿಯಲು ಇದು ಬೇಕೇಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೆ ಇರುತ್ತದೆ. ಆದ್ದರಿಂದ ನಾಲ್ಕು ಚಕ್ರ ಚಾಲನೆ ಗಾಡಿಯನ್ನು ಹೊರಡಿಸಲು ಸಹಾಯಮಾಡುತ್ತದೆಯೇ ಹೊರತು ಬೇಗ ನಿಲ್ಲಿಸಲು ಅಲ್ಲ. ಜಾರುವ ರಸ್ತೆಯಲ್ಲಿ ಇಂಥ ವಾಹನದ ಚಾಲಕನಿಗೆ ಬರುವ ಅತಿಯಾದ ಧೈರ್ಯಕ್ಕೆ ಭೌತವಿಜ್ಞಾನದ ಬೆಂಬಲವಿಲ್ಲ.

ಸೈನ್ಯದಿಂದ ಹೊಲಕ್ಕೆ, ಹೊಲದಿಂದ ಮನೆಗೆ

ಯುದ್ಧ ಮುಗಿದ ಮೇಲೆ 1945ರಲ್ಲಿ ವಿಲ್ಲೀಸ್ ತನ್ನ ಜೀಪನ್ನು ರೈತರಿಗೆ ಮಾರಲು ತೊಡಗಿತು. ಬ್ರಿಟನ್ನಿನಲ್ಲಿ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನಲ್ಲಿ ಸೈನ್ಯದ ಹಳೆಯ ಜೀಪೊಂದನ್ನು ಬಳಸುತ್ತಿದ್ದರು. ಅದರಿಂದ ಹುಟ್ಟಿದ ಲ್ಯಾಂಡ್ ರೋವರ್ 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಬೆಳಕು ಕಂಡಿತು. ಆಗ ಉಕ್ಕಿನ ಅಭಾವವಿದ್ದುದರಿಂದ ಅದರ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದ್ದರು. ನಮ್ಮಲ್ಲಿ 1945ರಲ್ಲಿ ಸ್ಥಾಪನೆಯಾದ, ಮುಂದೆ ಮಹೀಂದ್ರ ಎಂದು ಹೆಸರಾದ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು.

ಮನೆಮಂದಿಯನ್ನು ಗಮನದಲ್ಲಿಟ್ಟು ಮಾಡಿದ ಮೊದಲ ಪ್ರಯತ್ನ 1946ರ ವಿಲ್ಲೀಸ್ ಸ್ಟೇಷನ್ ವ್ಯಾಗನ್. ಬ್ರೂಕ್ಸ್ ಸ್ಟೀವನ್ಸ್ ವಿನ್ಯಾಸಗೊಳಿಸಿದ ಈ ವಾಹನಕ್ಕೆ ಉಕ್ಕಿನ ಪೂರ್ಣ ಒಡಲು, ಮುಚ್ಚಿದ ಚಾವಣಿ ಇದ್ದವು; 1949ರಲ್ಲಿ ನಾಲ್ಕು ಚಕ್ರ ಚಾಲನೆಯೂ ಬಂತು. ಅದೇ ವಿನ್ಯಾಸಕಾರರ ಕೈಯಿಂದ 1960ರ ದಶಕದ ಆರಂಭದಲ್ಲಿ ಬಂದ ವ್ಯಾಗನಿಯರ್ ಸ್ವಯಂಚಾಲಿತ ಗೇರನ್ನೂ ನೀಡಿತು. 1970ರಲ್ಲಿ ಬಂದ ರೇಂಜ್ ರೋವರ್ ಪಟ್ಟಿ ಸ್ಪ್ರಿಂಗುಗಳನ್ನು ಬಿಟ್ಟು ಸುರುಳಿ ಸ್ಪ್ರಿಂಗುಗಳನ್ನು ಅಳವಡಿಸಿಕೊಂಡಿತು. ಅದರ ಪ್ರಯಾಣ ಕಾರಿನಷ್ಟೇ ಹಿತವಾಗಿತ್ತು. ಆದರೂ 1981ರವರೆಗೆ ಅದು ಕಾರ್ಖಾನೆಯಿಂದ ಎರಡೇ ಪಕ್ಕದ ಬಾಗಿಲುಗಳೊಂದಿಗೆ ಬರುತ್ತಿತ್ತು.

ಬಾಗಿಲ ಸಂಖ್ಯೆ ಬರೇ ಅನುಕೂಲದ ಪ್ರಶ್ನೆಯಲ್ಲ. ಹಿಂದೆ ಎರಡು ಬಾಗಿಲು ಸೇರಿಸಬೇಕಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಬೇಕು. ಅಂತರ ಹೆಚ್ಚಿದಷ್ಟೂ ದಿಬ್ಬ ದಾಟುವಾಗ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ. ಮೂಲ ಜೀಪಿನ ಚಕ್ರಾಂತರ 2.03 ಮೀಟರ್. ಹೊಟ್ಟೆ ನೆಲದಿಂದ 25 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ ಅದು ತಾಗದೆ ದಾಟಬಲ್ಲ ದಿಬ್ಬದ ಕೋನ, ಸರಳ ಜ್ಯಾಮಿತಿಯಂತೆ, ಸುಮಾರು 28 ಡಿಗ್ರಿ. ಅದೇ ಎತ್ತರ ಉಳಿಸಿಕೊಂಡು ಚಕ್ರಾಂತರವನ್ನು 2.85 ಮೀಟರಿಗೆ ಏರಿಸಿದರೆ ಕೋನ 20 ಡಿಗ್ರಿಗೆ ಇಳಿಯುತ್ತದೆ. ಕಳೆದುಕೊಂಡ ಕೋನವನ್ನು ಮರಳಿ ಪಡೆಯಲು ಗಾಡಿಯನ್ನು ಎತ್ತರಿಸಬೇಕು. ಎತ್ತರಿಸಿದಾಗ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಗಟ್ಟಿ ಎಂದರೆ ಸುರಕ್ಷಿತವೇ?

ಜೀಪು ಮತ್ತು ಅದರ ವಂಶದ ವಾಹನಗಳನ್ನು ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟುತ್ತಿದ್ದರು. ಕಲ್ಲುಬಂಡೆಗಳ ಮೇಲೆ ಒಂದು ಚಕ್ರ ಮೇಲೆ, ಒಂದು ಕೆಳಗೆ ಇರುವಾಗ ಬರುವ ತಿರುಚುವಿಕೆಯನ್ನು ಈ ಚೌಕಟ್ಟು ಚೆನ್ನಾಗಿ ತಾಳಿಕೊಳ್ಳುತ್ತದೆ. ಇಷ್ಟು ಗಟ್ಟಿಯಾದ ಗಾಡಿ ಅಪಘಾತದಲ್ಲೂ ಕಾಪಾಡೀತು ಎಂಬುದು ಜನರ ನಂಬಿಕೆ. ಇದನ್ನು ಲೆಕ್ಕಕ್ಕೆ ಒಡ್ಡಿ ನೋಡಿ.

ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಗಾಡಿ ಗೋಡೆಗೆ ಬಡಿಯಿತು ಎನ್ನಿ. ಮುಂಭಾಗ 60 ಸೆಂಟಿಮೀಟರ್ ಜಜ್ಜಿಹೋಗಿ ನಿಂತರೆ ಸರಾಸರಿ ಋಣ ವೇಗೋತ್ಕರ್ಷ ಗುರುತ್ವದ ಸುಮಾರು 19 ಪಟ್ಟು. ಮುಂಭಾಗ ಬಹಳ ಗಟ್ಟಿಯಾಗಿದ್ದು 30 ಸೆಂಟಿಮೀಟರಿನಲ್ಲೇ ನಿಂತರೆ 38 ಪಟ್ಟು. ಜಜ್ಜಿಹೋಗದ ಗಾಡಿಯಲ್ಲಿ ಒಳಗಿರುವವರ ದೇಹ ಆ ಪೆಟ್ಟನ್ನು ತಿನ್ನುತ್ತದೆ. ಮೂತಿ ಮೆತ್ತಗಿರಬೇಕು, ಜನ ಕೂರುವ ಕೋಣೆ ಗಟ್ಟಿಯಾಗಿರಬೇಕು ಎಂಬ ತತ್ತ್ವವನ್ನು ಮರ್ಸಿಡಿಸ್ ಕಂಪನಿಯ ಬೇಲಾ ಬಾರೆನಿ 1950ರ ದಶಕದ ಆರಂಭದಲ್ಲೇ ರೂಪಿಸಿ ಪೇಟೆಂಟ್ ಪಡೆದರು. 1959ರಲ್ಲಿ ಅದು ಕಾರುಗಳಲ್ಲಿ ಬಳಕೆಗೆ ಬಂತು.

ಕಾಡುದಾರಿಯ ವಾಹನಗಳು ಚೌಕಟ್ಟು ಬಿಟ್ಟು ಒಡಲೇ ಭಾರ ಹೊರುವ ಏಕಕವಚ ರಚನೆಗೆ ನಿಧಾನವಾಗಿ ತಿರುಗಿದವು. ಸೋವಿಯತ್ ದೇಶದ ಲಾಡಾ ನಿವಾ 1977ರಲ್ಲಿ ಈ ದಾರಿ ಹಿಡಿಯಿತು. 1984ರ ಮಾದರಿಯ ಜೀಪ್ ಚೆರೋಕಿ ಇದೇ ಕ್ರಮದಲ್ಲಿ ತನ್ನ ಹಿಂದಿನ ಪೀಳಿಗೆಗಿಂತ ಸುಮಾರು 450 ಕಿಲೋಗ್ರಾಂ ಹಗುರವಾಯಿತು. 1994ರ ಟೊಯೊಟಾ ರ್‍ಯಾವ್4 ಕಾರಿನ ಭಾಗಗಳನ್ನೇ ಬಳಸಿ ಎತ್ತರದ ವಾಹನ ಮಾಡುವ ಹೊಸ ವರ್ಗವನ್ನು ಜನಪ್ರಿಯಗೊಳಿಸಿತು. ಈ ವರ್ಗದ ವಾಹನ ಕೆಸರನ್ನು ದಾಟಬಲ್ಲದು, ಬಂಡೆಗಳನ್ನು ಹತ್ತಲಾರದು. ಹೆಚ್ಚಿನ ಕುಟುಂಬಗಳು ಬಂಡೆ ಹತ್ತುವುದೂ ಇಲ್ಲ. ಹಾಗೆಂದು ಏಣಿ ಚೌಕಟ್ಟಿನ ವಾಹನಗಳೆಲ್ಲ ಅಸುರಕ್ಷಿತವೆಂದು ತಿಳಿಯಬಾರದು. ಮುಂಭಾಗ ಕ್ರಮವಾಗಿ ಮಡಿಯುವಂತೆ ಚೌಕಟ್ಟನ್ನೂ ವಿನ್ಯಾಸ ಮಾಡಲು ಈಗ ಸಾಧ್ಯವಾಗಿದೆ.

ಪಲ್ಟಿಯ ಪಾಠಗಳು

ಎತ್ತರದ ಪ್ರಶ್ನೆಗೆ ಬರೋಣ. ಒಂದು ವಾಹನದ ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಸಂಖ್ಯೆಗೆ ಸ್ಥಿರತಾ ಅಂಶ ಎಂದು ಹೆಸರು. ತಿರುವಿನಲ್ಲಿ ಪಕ್ಕದ ವೇಗೋತ್ಕರ್ಷ ಗುರುತ್ವದ ಎಷ್ಟು ಪಟ್ಟಾದಾಗ ಒಳಬದಿಯ ಚಕ್ರಗಳು ನೆಲ ಬಿಡುತ್ತವೆ ಎಂಬುದನ್ನು ಅದು ಸೂಚಿಸುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ ಪ್ರಕಾರ ಹೆಚ್ಚಿನ ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5, ಎತ್ತರದ ವಾಹನಗಳಿಗೆ 1.0ರಿಂದ 1.3.

ಒಣ ಡಾಂಬರಿನಲ್ಲಿ ಟೈರಿನ ಘರ್ಷಣಾಂಕ ಸಾಮಾನ್ಯವಾಗಿ 0.8ರ ಆಸುಪಾಸು ಇರುವುದರಿಂದ ಗಾಡಿ ಉರುಳುವ ಮೊದಲೇ ಜಾರಬೇಕಲ್ಲವೇ ಎಂದು ನೀವು ಕೇಳಬಹುದು. ಸಮತಟ್ಟಾದ ರಸ್ತೆಯಲ್ಲಿ ಅದು ಹೌದು. ಆದರೆ ಜಾರುವ ಗಾಡಿಯ ಚಕ್ರ ರಸ್ತೆಯಂಚಿನ ಕಲ್ಲಿಗೆ ತಾಗಿದರೆ ಇಲ್ಲವೇ ಮೆತ್ತನೆಯ ಮಣ್ಣಿನಲ್ಲಿ ಹೂತರೆ ಪಕ್ಕದ ಬಲ ಥಟ್ಟನೆ ಏರುತ್ತದೆ. ಬಹುಪಾಲು ಪಲ್ಟಿಗಳು ಹೀಗೆಯೇ ಆಗುವುದು. ನಮ್ಮ ರಸ್ತೆಗಳ ಅಂಚುಗಳನ್ನು ಬಲ್ಲವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಈ ಪಾಠಗಳನ್ನು ಕಲಿಯಲು ಜನ ಬೆಲೆ ತೆರಬೇಕಾಯಿತು. 1960ರಲ್ಲಿ ಅಮೆರಿಕದ ಸೈನ್ಯ ಸೇರಿದ ಎಂ151 ಎಂಬ ಜೀಪಿನ ಹಿಂಬದಿಯ ಆಕ್ಸಲ್ ವೇಗದ ತಿರುವಿನಲ್ಲಿ ಹೊರಚಕ್ರವನ್ನು ಒಳಕ್ಕೆ ಮಡಿಸಿ ಗಾಡಿಯನ್ನು ಎತ್ತಿಬಿಡುತ್ತಿತ್ತು. ಪಲ್ಟಿಯಾಗುವ ಸ್ವಭಾವದ ಕಾರಣ ನಿವೃತ್ತಿಯಾದ ಆ ವಾಹನಗಳನ್ನು ಸಾರ್ವಜನಿಕರಿಗೆ ಇಡಿಯಾಗಿ ಮಾರದೆ ತುಂಡರಿಸಿ ಗುಜರಿಗೆ ಹಾಕುತ್ತಿದ್ದರು. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಜನಪ್ರಿಯ ಕುಟುಂಬ ವಾಹನದಲ್ಲಿದ್ದವು. ಟೈರಿನ ಹೊರಪದರ ಕಿತ್ತುಬಂದು ಗಾಡಿ ಉರುಳಿ ಇನ್ನೂರಕ್ಕೂ ಹೆಚ್ಚು ಜನ ಅಮೆರಿಕದಲ್ಲಿ ಸತ್ತಿದ್ದರು. ದೋಷ ಯಾರದು ಎಂಬುದರ ಬಗ್ಗೆ ಎರಡೂ ಕಂಪನಿಗಳು ಪರಸ್ಪರ ಬೆರಳು ತೋರಿದವು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಅದು ಹೆಚ್ಚು ಬಾಗಿ, ಹೆಚ್ಚು ಬಿಸಿಯಾಗಿ ಪದರಗಳ ಬೆಸುಗೆ ಸಡಿಲವಾಗುತ್ತದೆ ಎಂಬ ಸಂಗತಿ ಎಲ್ಲರ ಗಮನಕ್ಕೆ ಬಂತು. ಅದೇ ವರ್ಷ ಅಮೆರಿಕದ ಸಂಸತ್ತು ಕಾನೂನು ಮಾಡಿತು. 2001ರಿಂದ ಅಲ್ಲಿ ವಾಹನಗಳಿಗೆ ಪಲ್ಟಿಯ ಅಪಾಯದ ಅಂಕ ಕೊಡುವ ಪದ್ಧತಿ ಆರಂಭವಾಯಿತು.

ಪರಿಹಾರ ಬಂದದ್ದು ಎಲೆಕ್ಟ್ರಾನಿಕ್ಸ್‌ನಿಂದ. 1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು, ರಸ್ತೆಗೆ ಅಡ್ಡ ಬಂದ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವ ರೀತಿಯ ಪರೀಕ್ಷೆಯಲ್ಲಿ, ಮರ್ಸಿಡಿಸ್‌ನ ಎ ವರ್ಗದ ಪುಟ್ಟ ಎತ್ತರದ ಕಾರನ್ನು ಪಲ್ಟಿ ಹೊಡೆಸಿತು. ಕಂಪನಿ ಆ ಕಾರಿಗೆ ಸ್ಥಿರತಾ ನಿಯಂತ್ರಣ ವ್ಯವಸ್ಥೆಯನ್ನು ಖಾಯಂ ಆಗಿ ಅಳವಡಿಸಿತು. 1995ರಲ್ಲಿ ದುಬಾರಿ ಕಾರುಗಳಿಗೆ ಬಂದಿದ್ದ ಈ ವ್ಯವಸ್ಥೆ ಗಾಡಿ ಚಾಲಕ ತಿರುಗಿಸಿದ ದಿಕ್ಕು ಬಿಟ್ಟು ಬೇರೆಡೆ ತಿರುಗುತ್ತಿರುವುದನ್ನು ಸಂವೇದಕಗಳಿಂದ ಅರಿತು, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿದಾರಿಗೆ ತರುತ್ತದೆ. ಗಾಡಿ ರಸ್ತೆ ಬಿಟ್ಟು ಜಾರದಿದ್ದರೆ ಅಂಚಿನ ಮಣ್ಣಿಗೆ ಸಿಕ್ಕಿ ಉರುಳುವ ಪ್ರಸಂಗವೇ ಬರುವುದಿಲ್ಲ. 2011ರ ಸೆಪ್ಟೆಂಬರ್‌ನಿಂದ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು.

ಮಡಿಲು ಸೀಟಲ್ಲ

ಮಗುವಿನ ವಿಷಯಕ್ಕೆ ಬರೋಣ. ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ತಂದರು. ಅದು ವಯಸ್ಕರ ಅಳತೆಗೆ ಮಾಡಿದ್ದು. ಮಗುವಿನ ದೇಹ ವಯಸ್ಕರ ದೇಹದ ಕಿರುರೂಪವಲ್ಲ. ನವಜಾತ ಶಿಶುವಿನ ತಲೆಯೊಂದೇ ದೇಹದ ಉದ್ದದ ಕಾಲು ಭಾಗ, ಕುತ್ತಿಗೆ ಎಳಸು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್, ಗಗನಯಾತ್ರಿಗಳು ಬೆನ್ನಿಗೆ ಒರಗಿ ವೇಗೋತ್ಕರ್ಷವನ್ನು ತಾಳುವುದನ್ನು ಗಮನಿಸಿ, 1960ರ ದಶಕದಲ್ಲಿ ಹಿಮ್ಮುಖವಾಗಿ ಕೂರುವ ಮಗುವಿನ ಸೀಟನ್ನು ರೂಪಿಸಿದರು. ಮುಂದಿನಿಂದ ಪೆಟ್ಟು ಬಿದ್ದಾಗ ಬಲ ಕುತ್ತಿಗೆಗೆ ಬೀಳದೆ ಬೆನ್ನು, ತಲೆ ಎಲ್ಲಕ್ಕೂ ಹರಡುತ್ತದೆ.

ತಾಯಿಯ ಮಡಿಲು ಸಾಲದೇ? ಮೇಲಿನ ಉದಾಹರಣೆಯಲ್ಲಿ ಮುಂಭಾಗ 60 ಸೆಂಟಿಮೀಟರ್ ಜಜ್ಜಿದಾಗ 12 ಕಿಲೋಗ್ರಾಂ ತೂಕದ ಮಗುವನ್ನು ಹಿಡಿದುಕೊಳ್ಳಲು ಬೇಕಾದ ಬಲ 2,250 ನ್ಯೂಟನ್. ಇದು 230 ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯುವುದಕ್ಕೆ ಸಮ, ಅದೂ ಮುನ್ಸೂಚನೆಯಿಲ್ಲದೆ. ಯಾವ ತಾಯಿಯ ತೋಳಿಗೂ ಇದು ಸಾಧ್ಯವಲ್ಲ.

ಜೀಪಿನ ವಂಶದ ಅನೇಕ ವಾಹನಗಳಲ್ಲಿ ಹಿಂಬದಿಗೆ ಎದುರುಬದುರಾಗಿ ಕೂರುವ ಅಡ್ಡ ಸೀಟುಗಳಿದ್ದವು. ಮನೆಯವರೆಲ್ಲ ಹೊರಟಾಗ ಮಕ್ಕಳಿಗೆ ಸಿಗುತ್ತಿದ್ದುದು ಆ ಜಾಗವೇ. ಅಡ್ಡಲಾಗಿ ಕುಳಿತ ಮಗುವಿನ ದೇಹ ಅಪಘಾತದಲ್ಲಿ ಪಕ್ಕಕ್ಕೆ ಎಸೆಯಲ್ಪಡುತ್ತದೆ. ಬೆನ್ನಿಗೆ ಆಸರೆಯಿಲ್ಲ, ಮಗುವಿನ ಸೀಟು ಕಟ್ಟಲು ಸ್ಥಳವಿಲ್ಲ.

ನಮ್ಮ ದೇಶದಲ್ಲಿ ಬದಲಾವಣೆ

1985ರಲ್ಲಿ ಬಂದ ಮಾರುತಿ ಜಿಪ್ಸಿ ಹಗುರವಾಗಿತ್ತು, ಚುರುಕಾಗಿತ್ತು, ಸೈನ್ಯಕ್ಕೂ ಸೇರಿತು. ಅದರ ಹಿಂಬದಿಯಲ್ಲೂ ಅಡ್ಡ ಬೆಂಚುಗಳೇ. 1994ರ ಟಾಟಾ ಸುಮೊ, 2000ದ ಬೊಲೆರೊ, 2002ರ ಸ್ಕಾರ್ಪಿಯೊ ದೊಡ್ಡ ಸಂಸಾರಗಳಿಗೆ ಜಾಗ ಕೊಟ್ಟವು. 2010ರ ಮಹೀಂದ್ರ ಥಾರ್ ಮತ್ತೆ ಬಟ್ಟೆಯ ಚಾವಣಿ, ಅಡ್ಡ ಬೆಂಚುಗಳ ಹಳೆಯ ಜೀಪೇ ಆಗಿತ್ತು. 2020ರ ಹೊಸ ಥಾರ್‌ನಲ್ಲಿ ಗಟ್ಟಿ ಚಾವಣಿ, ಮುಂದಕ್ಕೆ ಮುಖಮಾಡಿದ ಹಿಂದಿನ ಸೀಟುಗಳು, ಮಗುವಿನ ಸೀಟಿನ ಐಸೊಫಿಕ್ಸ್ ಕೊಂಡಿಗಳು ಬಂದವು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ಮತ್ತು ಮಕ್ಕಳ ರಕ್ಷಣೆಗೆ ತಲಾ ನಾಲ್ಕು ನಕ್ಷತ್ರ ಪಡೆಯಿತು. ಆದರೆ ಪಕ್ಕದ ಬಾಗಿಲು ಎರಡೇ. ಮಗುವನ್ನು ಹಿಂದಕ್ಕೆ ಕೂರಿಸಲು ಮುಂದಿನ ಸೀಟನ್ನು ಮಡಚಬೇಕು.

2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂತು; ಅದರ ಚಕ್ರಾಂತರ ಮೂರು ಬಾಗಿಲಿನದಕ್ಕಿಂತ 34 ಸೆಂಟಿಮೀಟರ್ ಹೆಚ್ಚು. 2024ರ ಥಾರ್ ರಾಕ್ಸ್‌ನ ಚಕ್ರಾಂತರ 2.85 ಮೀಟರ್, 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ಎರಡೂ ವಿಭಾಗಗಳಲ್ಲಿ ಐದು ನಕ್ಷತ್ರ ದೊರೆತವು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಇಲ್ಲವೇ ಮಗುವಿನ ಸೀಟಿನಿಂದ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡ.

ಆರಿಸುವಾಗ

ಮೊದಲು ದಾರಿಯನ್ನು ಅಳೆಯಿರಿ. ನಿಮ್ಮ ದಾರಿ ಬರೇ ಮಣ್ಣಿನದಾಗಿದ್ದರೆ 20 ಸೆಂಟಿಮೀಟರಿನಷ್ಟು ನೆಲದಂತರ, ಒಳ್ಳೆಯ ಟೈರು ಇರುವ ಎರಡು ಚಕ್ರ ಚಾಲನೆಯ ವಾಹನವೇ ಬಹುಪಾಲು ಸಾಕು. ಜಾರುವ ಏರಿದ್ದರೆ ನಾಲ್ಕು ಚಕ್ರ ಚಾಲನೆ ಬೇಕು. ಬಂಡೆ, ಕಡಿದಾದ ಇಳಿಜಾರು ದಿನವೂ ಇದ್ದರೆ ಮಾತ್ರ ನಿಧಾನ ಗೇರಿನ ಎರಡನೆಯ ಪೆಟ್ಟಿಗೆಯುಳ್ಳ ವಾಹನ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ವಾಹನದಲ್ಲಿ ಒಣ ಡಾಂಬರಿನ ಮೇಲೆ ನಾಲ್ಕು ಚಕ್ರ ಚಾಲನೆ ಹಾಕಬಾರದು. ತಿರುವಿನಲ್ಲಿ ಎರಡೂ ಆಕ್ಸಲ್‌ಗಳು ಬೇರೆ ಬೇರೆ ದೂರ ಕ್ರಮಿಸುವುದರಿಂದ ಶಾಫ್ಟುಗಳು ತಿರುಚಿಕೊಳ್ಳುತ್ತವೆ.

ಆಮೇಲೆ ಮಗುವಿನ ಕಡೆಯಿಂದ ನೋಡಿ. ಎಲ್ಲ ಸೀಟುಗಳೂ ಮುಂದಕ್ಕೆ ಮುಖಮಾಡಿವೆಯೇ? ಎಲ್ಲಕ್ಕೂ ಮೂರು ಬಿಂದುಗಳ ಬೆಲ್ಟ್ ಇದೆಯೇ? ಐಸೊಫಿಕ್ಸ್ ಕೊಂಡಿ ಎಲ್ಲಿದೆ? ನೀವು ಕೊಳ್ಳುವ ದರ್ಜೆಯಲ್ಲೇ ಸ್ಥಿರತಾ ನಿಯಂತ್ರಣ ಇದೆಯೇ? ಮಕ್ಕಳ ರಕ್ಷಣೆಗೆ ಬಂದ ನಕ್ಷತ್ರಗಳೆಷ್ಟು? ಮಗುವಿನ ಸೀಟನ್ನೇ ಅಂಗಡಿಗೆ ಒಯ್ದು ಕೂರಿಸಿ ನೋಡಿ. ಗಾಳಿಚೀಲ ಕೆಲಸಮಾಡುತ್ತಿರುವ ಮುಂದಿನ ಸೀಟಿನಲ್ಲಿ ಹಿಮ್ಮುಖದ ಮಗುವಿನ ಸೀಟನ್ನು ಎಂದೂ ಇಡಬೇಡಿ.

ಕೊಂಡ ಮೇಲೆ ಚಾವಣಿಯ ಮೇಲೆ ಭಾರ ಹೇರಬೇಡಿ. 1,700 ಕಿಲೋಗ್ರಾಂ ವಾಹನದ ಗುರುತ್ವ ಕೇಂದ್ರ 70 ಸೆಂಟಿಮೀಟರ್ ಎತ್ತರದಲ್ಲಿ, ಎಡಬಲ ಚಕ್ರಗಳ ಅಂತರ 1.5 ಮೀಟರ್ ಇದ್ದರೆ ಸ್ಥಿರತಾ ಅಂಶ 1.07. ನೆಲದಿಂದ 1.9 ಮೀಟರ್ ಎತ್ತರದಲ್ಲಿ 100 ಕಿಲೋಗ್ರಾಂ ಸಾಮಾನು ಕಟ್ಟಿದರೆ ಗುರುತ್ವ ಕೇಂದ್ರ ಸುಮಾರು 77 ಸೆಂಟಿಮೀಟರಿಗೆ ಏರಿ ಆ ಅಂಶ 0.98ಕ್ಕೆ ಇಳಿಯುತ್ತದೆ.

ಅಧ್ಯಾಪಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಹಲಗೆಗೆ ಒರಟು ಕಾಗದ ಅಂಟಿಸಿ, ಆಟಿಕೆಯ ಜೀಪನ್ನು ಅಡ್ಡಲಾಗಿ ನಿಲ್ಲಿಸಿ. ಚಕ್ರ ಜಾರದಂತೆ ಕೆಳಬದಿಗೆ ತೆಳುವಾದ ಪಟ್ಟಿಯೊಂದನ್ನು ಕೂರಿಸಿ, ಹಲಗೆಯನ್ನು ನಿಧಾನವಾಗಿ ಎತ್ತಿ. ಜೀಪು ಮಗುಚುವ ಕ್ಷಣದ ಕೋನದ ಟ್ಯಾನ್ ಬೆಲೆಯೇ ಅದರ ಸ್ಥಿರತಾ ಅಂಶ. ಚಾವಣಿಗೆ ಕೆಲವು ನಾಣ್ಯ ಅಂಟಿಸಿ ಮತ್ತೆ ಅಳೆಯಿರಿ. ಅದೇ ನಾಣ್ಯಗಳನ್ನು ಅಡಿಭಾಗಕ್ಕೆ ಅಂಟಿಸಿ ಇನ್ನೊಮ್ಮೆ ಅಳೆಯಿರಿ. ಮೂರು ಅಳತೆಗಳನ್ನು ವಿದ್ಯಾರ್ಥಿಗಳೇ ಬರೆದುಕೊಳ್ಳಲಿ. ಮುಂದೊಂದು ದಿನ ತಮ್ಮ ಮಕ್ಕಳಿಗಾಗಿ ವಾಹನ ಆರಿಸುವಾಗ ಆ ಸಂಖ್ಯೆಗಳು ಅವರಿಗೆ ನೆನಪಾಗಲಿ.